ಬೆಳಗಾಗುವವರೆಗೆ ಆಟ ನೋಡುವವರಿಗೆ ಎರಡು ಗಂಟೆಯ ಸಿನಿಮಾ ಉದ್ದವಾ?

ಮಳೆ ಹಿಡಿದರೆ ಶಿರಸಿಯಲ್ಲಿ ಸಂಜೆ ಆರಕ್ಕೇ ಕತ್ತಲು. ಅಂಥ ಒಂದು ಸಂಜೆ ಗೆಳೆಯನಿಗೆ ಫೋನ್ ಮಾಡಿ ಸಿನಿಮಾ ನೋಡಲು ಕರೆದೆ. ಯಾವುದು ಅಂದ. 'ದ್ವೀಪ' ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವಾರ್ಡ್ ಸಿನ್ಮಾ ಅಲ್ದಾ? ನಿದ್ದೆ ಬತ್ತು ಮಾರಾಯಾ."

ಬಹುಮಾನ ಬಂದದ್ದನ್ನೇ ಬೈಗುಳ ಮಾಡಿಕೊಂಡಿರುವುದು ಸಿನಿಮಾದ ವಿಷಯದಲ್ಲಿ ಮಾತ್ರ ಇರಬೇಕು.

ನಿಧಾನ ಅಂತ ದೂರುವವನು ಯಾರು ನೋಡಿ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಇದೆ ಅಂದರೆ ಕಂಬಳಿ ಹೊದ್ದು ಘಟ್ಟ ಇಳಿಯುತ್ತಿದ್ದವನು. ಭಸ್ಮಾಸುರ ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಳ್ಳುತ್ತಾನೆ ಅಂತ ಇವನಿಗೆ ಐದನೇ ವಯಸ್ಸಿನಿಂದ ಗೊತ್ತು. ಆದರೂ ಕೂರುತ್ತಿದ್ದ. ಕತೆ ಬೇಗ ಮುಂದೆ ಹೋಗಲಿ ಅಂತ ಒಂದು ದಿನವೂ ಗೊಣಗಿದವನಲ್ಲ. ಆ ಕೈ ಹೇಗೆ ಮೇಲೇರುತ್ತದೆ ಅನ್ನುವುದೇ ಆಟ ತಾನೇ? ತಾಳಮದ್ದಲೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ. ಅದಕ್ಕೂ ಮುಂದಿನ ಸಾಲಿನಲ್ಲೇ ಜಾಗ ಬೇಕು ಇವನಿಗೆ. ಇಂಥವನಿಗೆ ತಾಳ್ಮೆ ಇಲ್ಲ ಅಂದರೆ ನಾನು ನಂಬಬೇಕಾ?

ಪತ್ರೊಡೆ ಇದೆ ಅಂದ ಮೇಲೆ ಬಂದ, ಬಿಡಿ.

'ದ್ವೀಪ' ನಾ. ಡಿಸೋಜಾ ಅವರ ಕಾದಂಬರಿ. ಸಿನಿಮಾ ಮಾಡಿದವರು ಗಿರೀಶ್ ಕಾಸರವಳ್ಳಿ. ನಟಿ ಸೌಂದರ್ಯ ತಾವೇ ನಿರ್ಮಾಪಕಿಯಾಗಿ ನಾಗಿಯ ಪಾತ್ರವನ್ನೂ ಮಾಡಿದರು. ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ ಬಂತು. ಅಣೆಕಟ್ಟಿನ ನೀರು ಏರುತ್ತದೆ, ಊರವರು ಬಿಟ್ಟು ಹೋಗುತ್ತಾರೆ, ಒಂದು ಮನೆ ಮಾತ್ರ ಉಳಿಯುತ್ತದೆ. ಕತೆ ಅಷ್ಟೇ. ಉಳಿದದ್ದೆಲ್ಲ ಮಳೆ.

ಆಯಿಯೂ (ನಮ್ಮಲ್ಲಿ ಅಮ್ಮನಿಗೆ ಆಯಿ ಅನ್ನುವುದು) ಬತ್ತಿ ಹೊಸೆಯುತ್ತಾ ಕೂತಿದ್ದಳು. ಮೊದಲ ಅರ್ಧ ಗಂಟೆ ಅವಳದೂ ಅದೇ ರಾಗ: "ಎಂತದೂ ಆಗ್ತೇ ಇಲ್ಯಲಾ ತಮಾ." ಆಯಿಯ ತವರು ಶರಾವತಿ ದಂಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಮನೆ ನೀರಿನ ಕೆಳಗೆ ಹೋಯಿತು. ತೆರೆಯ ಮೇಲೆ ನೀರು ಮನೆಯ ಹತ್ತಿರ ಬಂದಾಗ ಆಯಿ ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಲೆಕ್ಕ ಹಾಕಲು ಶುರು ಮಾಡಿದಳು! ತವರಿನಲ್ಲಿ ಬಾಗಿಲು, ತೊಲೆ, ಹಂಚು ಎಲ್ಲ ಕಳಚಿ ಗಾಡಿಗೆ ಹೇರಿದ್ದರಂತೆ. ಒಂದು ಒರಳು ಮಾತ್ರ ಎತ್ತಲು ಆಗದೆ ಅಲ್ಲೇ ಉಳಿಯಿತಂತೆ. ಇಷ್ಟು ವರ್ಷದಲ್ಲಿ ಆ ಒರಳಿನ ಸುದ್ದಿ ನಾನು ಕೇಳಿಯೇ ಇರಲಿಲ್ಲ.

ಕೊನೆಯಲ್ಲಿ ಇಡೀ ರಾತ್ರಿ ಮನೆ ಉಳಿಸಲು ಹೆಣಗಿದವಳು ನಾಗಿ. ಬೆಳಗಾದ ಮೇಲೆ ಗಂಡ ಗಣಪ, ದೇವರು ಕಾಪಾಡಿದ ಅನ್ನುತ್ತಾನೆ. ಆಯಿ ಬತ್ತಿ ಕೆಳಗಿಟ್ಟು, "ಮಾಡಿದ್ದು ಅದು, ಹೆಸ್ರು ದೇವ್ರಿಗಾ?" ಅಂದಳು. (ನಮ್ಮ ಹವ್ಯಕರ ಮಾತಲ್ಲಿ ಹೆಂಗಸರಿಗೂ 'ಅದು' ಅಂತಲೇ. ಆ ಕ್ಷಣದಲ್ಲಿ ಅದೂ ಸ್ವಲ್ಪ ಚುಚ್ಚಿತು.) ಇಲ್ಲಿ ಸಿಟ್ಟಾಗಬೇಕು ಅಂತ ಯಾವ ಡ್ರಮ್ಮೂ ಬಾರಿಸಿ ಹೇಳಿರಲಿಲ್ಲ. ನನಗೆ ಇಂಥ ಸಿನಿಮಾ ಇಷ್ಟವಾಗುವುದು ಇದಕ್ಕೇ. ಎಲ್ಲಿ ಅಳಬೇಕು, ಎಲ್ಲಿ ಶಿಳ್ಳೆ ಹೊಡೆಯಬೇಕು ಅಂತ ಅದು ಕೈ ಹಿಡಿದು ತೋರಿಸುವುದಿಲ್ಲ.

ಹಾಗಂತ ನಿಧಾನವಾದದ್ದೆಲ್ಲ ಚೆನ್ನ ಅಂತಲ್ಲ. ಮುದುಕಿಯೊಬ್ಬಳು ಐದು ನಿಮಿಷ ಸುಮ್ನೆ ಬಾಗಿಲಲ್ಲಿ ನಿಂತರೆ ಅದೇ ಕಲೆ ಅಂದುಕೊಂಡ ಸಿನಿಮಾಗಳೂ ಇವೆ. ಅವಕ್ಕೆ ನಾನೂ ಗೊರಕೆ ಹೊಡೆದಿದ್ದೇನೆ. ಫೈಟು, ಹಾಡು ಕಂಡರೆ ಆಗದವನೂ ನಾನಲ್ಲ. ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಶಂಕರ್‌ನಾಗ್ 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಸಿನಿಮಾದಲ್ಲಿ ನಟಿಸಿದರು, 1980ರಲ್ಲಿ 'ಆಟೋ ರಾಜ'ದಲ್ಲಿ. ಎರಡನ್ನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನು ಬೇಜಾರಿನ ಮಾತು. ನಮ್ಮ ಕಡೆಯ ನಟೇಶ್ ಹೆಗಡೆ ತನ್ನ ಅಪ್ಪನನ್ನೇ ಮುಖ್ಯ ಪಾತ್ರಕ್ಕೆ ಹಾಕಿ 'ಪೆಡ್ರೋ' ಮಾಡಿದರು. 2021ರಲ್ಲಿ ಅದು ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು. ಅವರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್‌ಗೆ ಹೋಯಿತು. ನನಗೆ ಎರಡೂ ಇನ್ನೂ ನೋಡಲು ಸಿಕ್ಕಿಲ್ಲ. ನಮ್ಮ ಮಳೆಯನ್ನು ಕೊರಿಯಾದವರು ನನಗಿಂತ ಮೊದಲು ನೋಡಿದರು!

ಗೆಳೆಯನ ಕತೆ ಹೇಳುವುದು ಬಾಕಿ. 'ದ್ವೀಪ' ಅರ್ಧ ಆಗುವಾಗ ಅವನು ನಿಜವಾಗಿಯೂ ನಿದ್ದೆ ಹೋಗಿದ್ದ. ಮುಂದಿನ ವಾರ 'ತಿಥಿ' ಹಾಕಿದೆ. ಮಂಡ್ಯ ಕಡೆಯ ಹಳ್ಳಿಯ ಜನರೇ ಮಾಡಿದ ಪಾತ್ರಗಳು, ಅಲ್ಲಿಯದೇ ಮಾತು. ಅರ್ಧ ನಮಗೆ ಅರ್ಥವಾಗಲು ತಡವಾಯಿತು. ಆದರೆ ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುವಾಗ ನಕ್ಕವನು, ಕೊನೆಯವರೆಗೆ ಕಣ್ಣು ಮುಚ್ಚಲಿಲ್ಲ. ಎದ್ದು ಹೋಗುವಾಗ, "ಇದಕ್ಕೂ ಅವಾರ್ಡ್ ಬಂಜನಾ?" ಅಂದ. ಬಂದಿದೆ ಅಂದೆ. "ಮೊದ್ಲೇ ಹೇಳಿದ್ರೆ ಬತ್ನೇ ಇರ್ಲಿಲ್ಲೆ."

ಈ ಭಾನುವಾರ ಕರೆಂಟ್ ಇದ್ದರೆ 'ಘಟಶ್ರಾದ್ಧ'. ಅದಕ್ಕೂ ಸ್ವರ್ಣಕಮಲ ಬಂದಿದೆ. ಅವನಿಗೆ ಹೇಳಿಲ್ಲ.