ಎಚ್ಚರಿಕೆಯಿಂದ ಇರಬೇಕಂತೆ!

ಬೆಳಿಗ್ಗೆ 7.20ಕ್ಕೆ ಮೊಬೈಲ್ ಟಣ್ ಅಂತು, ಅರಣ್ಯ ಇಲಾಖೆಯ ಮೆಸೇಜ್. "ನಿಮ್ಮ ಭಾಗದಲ್ಲಿ ಕಾಡಾನೆಗಳಿವೆ. ಸಾರ್ವಜನಿಕರು ಎಚ್ಚರಿಕೆಯಿಂದ ಇರಬೇಕಾಗಿ ವಿನಂತಿ." ಆನೆಗಳು ಬಂದಿದ್ದು ರಾತ್ರಿ ಒಂದೂವರೆಗೆ. ಮೆಸೇಜ್ ಬರುವ ಹೊತ್ತಿಗೆ ನಾನು ಗದ್ದೆ ಬದುವಿನ ಮೇಲೆ ನಿಂತು ಏನಾದರೂ ಉಳಿದಿದೆಯಾ ಅಂತ ನೋಡುತ್ತಿದ್ದೆ.

ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಕಾಫಿ, ಅರ್ಧ ಎಕರೆ ಗದ್ದೆ. ನಾಲ್ಕು ದಿನ ಕಳೆದಿದ್ದರೆ ಕೊಯ್ಲು. ಆಳುಗಳಿಗೆ ಮುಂಗಡವೂ ಕೊಟ್ಟಾಗಿತ್ತು. ಬಂದಿದ್ದು ಏಳು ಆನೆ, ಒಂದು ಮರಿ. ತಿಂದಿದ್ದು ಸ್ವಲ್ಪ, ತುಳಿದಿದ್ದೇ ಜಾಸ್ತಿ. ಗದ್ದೆಯ ತೇವ ಇನ್ನೂ ಆರಿರಲಿಲ್ಲ. ಒಂದೊಂದು ಹೆಜ್ಜೆಯೂ ನಮ್ಮನೆ ಅನ್ನದ ತಪ್ಪಲೆಯಷ್ಟು ಅಗಲ. ತಳದಲ್ಲಿ ತೆನೆ ಕೆಸರಿಗೆ ಅಂಟಿಕೊಂಡಿತ್ತು. ಅಮ್ಮ ಕೂತುಕೊಂಡು ಒಂದೊಂದೇ ತೆನೆ ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಬಿಡಮ್ಮ ಅಂದರೂ ಕೇಳಲಿಲ್ಲ.

ಹೋಗುವಾಗ ಬೇಲಿ ಪಕ್ಕದ ಬೈನೆ ಮರ (ತಾಳೆ ಜಾತಿಯದು) ಉರುಳಿಸಿ, ಸಿಗಿದು ತಿಂದಿವೆ. ಮರ ಬಿದ್ದಿದ್ದು ಮೆಣಸಿನ ಬಳ್ಳಿಯ ಮೇಲೆ. ತೋಟದೊಳಗೆ ಲದ್ದಿ, ಅದರ ತುಂಬಾ ಕಾಫಿ ಬೀಜ. ಥಾಯ್ಲೆಂಡಿನಲ್ಲಿ ಆನೆ ಲದ್ದಿಯಿಂದ ಆಯ್ದ ಬೀಜಕ್ಕೆ ಚಿನ್ನದ ಬೆಲೆಯಂತೆ. ನಮ್ಮಲ್ಲಿ ಅದನ್ನು ಲೆಕ್ಕಕ್ಕೂ ಹಿಡಿಯಲ್ಲ.

ಹತ್ತು ಗಂಟೆಗೆ ಫಾರೆಸ್ಟ್ ಗಾರ್ಡ್ ಬಂದ. ಅವನನ್ನು ಬೈಯಲು ಮನಸ್ಸು ಬರಲ್ಲ. ರಾತ್ರಿಯಿಡೀ ಟಾರ್ಚ್ ಹಿಡಿದು ಆನೆ ಹಿಂದೆ ಓಡಿದವನು, ಕಣ್ಣು ಕೆಂಪಾಗಿತ್ತು. ಫೋಟೊ ತೆಗೆದ, ಮುರಿದ ಗಿಡ ಎಣಿಸಿದ, ಮಹಜರು ಬರೆದ. ಅಮ್ಮ ಕಾಫಿ ಕೊಟ್ಟಳು. "ಅಣ್ಣಾ, ಪರಿಹಾರಕ್ಕೆ ಅರ್ಜಿ ಬೇಗ ಹಾಕಿಬಿಡಿ" ಅಂದ.

ಹಾಕಲು ಹೋದೆ. ಅಲ್ಲಿ ಶುರುವಾಯಿತು. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಜ್ಜ ತೀರಿಕೊಂಡು 19 ವರ್ಷ. "ಪೌತಿ ಖಾತೆ ಮಾಡಿಸ್ಕೊಂಡು ಬನ್ನಿ" ಅಂದರು ಕಚೇರಿಯವರು ತಲೆ ಎತ್ತದೆ. ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದಕ್ಕೆ ವಂಶವೃಕ್ಷ ಬೇಕು. ಎಲ್ಲರ ಒಪ್ಪಿಗೆ ಬೇಕು. ದೊಡ್ಡಪ್ಪನ ಮಕ್ಕಳು ಬೆಂಗಳೂರಲ್ಲಿ, ಒಬ್ಬ ಅತ್ತೆ ಶಿವಮೊಗ್ಗದಲ್ಲಿ, ಇನ್ನೊಬ್ಬ ಅತ್ತೆ ಅಪ್ಪನ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಯಿತು. ಭತ್ತ ತುಳಿದಿದ್ದು ಆನೆ, ನಾನು ಹೋಗಿ ಅತ್ತೆಯ ಕಾಲು ಹಿಡಿಯಬೇಕು. ತಪ್ಪು ನಮ್ಮದೂ ಇದೆ, ಖಾತೆ ಮಾಡಿಸದೆ ಸುಮ್ನೆ ಕೂತಿದ್ದು ನಾವೇ. ಆದರೆ ಕಂದಾಯ ಕಟ್ಟಿಸಿಕೊಳ್ಳುವಾಗ ಅಜ್ಜ ಬದುಕಿದ್ದಾರಾ ಅಂತ ಯಾರೂ ಕೇಳಲಿಲ್ಲವಲ್ಲ!

ಇದನ್ನು ಊರ ಹೊರಗಿನವರಿಗೆ ಹೇಳಿದರೆ ಒಂದೇ ಮಾತು: ಆನೆ ಜಾಗಕ್ಕೆ ನೀವು ಹೋಗಿದ್ದೀರಿ. ಇರಬಹುದು ಮಾರಾಯರೇ. ಕಾಡು ಕಡಿದು ತೋಟ ಮಾಡಿದ್ದು ಸುಳ್ಳಲ್ಲ. ಆದರೆ ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರು ನಿಮಗೆ ಬೇಕು. ಶಿರಾಡಿ ಘಾಟ್ ಹೈವೇ ಬೇಕು, ಮಂಗಳೂರಿಗೆ ರೈಲು ಬೇಕು. ಎತ್ತಿನಹೊಳೆ ನೀರಿನ ಯೋಜನೆ ಬೇಕು, ಅದಕ್ಕೆ ಇದೇ ಘಟ್ಟವನ್ನು ಅಗೆದಿದ್ದು. ಆನೆ ಜಾಗ ಹಿಡಿದ ಲೆಕ್ಕ ಬರೆಯುವಾಗ ಮಾತ್ರ ನಮ್ಮ ಎರಡೂವರೆ ಎಕರೆಯೇ ಕಣ್ಣಿಗೆ ಬೀಳುತ್ತೆ, ಅಲ್ವಾ?

ಆನೆ ಸಮಸ್ಯೆಗೆ ಅಂತ ಹೈಕೋರ್ಟ್ ಸೂಚನೆಯಂತೆ ಆದ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿತು. 2014ರಲ್ಲಿ ಆಲೂರು, ಸಕಲೇಶಪುರದಿಂದ 22 ಆನೆ ಹಿಡಿದು ಸಾಗಿಸಿದರು. ಆಗ ಅಪ್ಪ ಇನ್ನು ಬಾಳೆ ಹಾಕಬಹುದು ಅಂತ ಕಂದು ತಂದು ನೆಟ್ಟಿದ್ದರು. ಖಾಲಿಯಾದ ಜಾಗಕ್ಕೆ ಬೇರೆ ಆನೆ ಬಂದವು, ಬಾಳೆ ಹೋಯಿತು. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯಲು ಬಂದ ಸಾಕಾನೆ ಅರ್ಜುನನೇ ಸತ್ತ. ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತವನು. ಆವತ್ತು ನಮ್ಮೂರಲ್ಲಿ ಅತ್ತವರಲ್ಲಿ ಹಿಂದಿನ ವಾರ ಆನೆಯಿಂದ ಗದ್ದೆ ಕಳೆದುಕೊಂಡವರೂ ಇದ್ದರು. ನಮಗೆ ಆನೆ ಮೇಲೆ ದ್ವೇಷ ಅಂತ ಬರೆಯುವವರು ಇದನ್ನೂ ಬರೆಯಲಿ.

ಈಗಿನ ಮಾತು, ಭದ್ರಾ ಅಭಯಾರಣ್ಯದಲ್ಲಿ ಗಟ್ಟಿ ಬೇಲಿ ಹಾಕಿ, ಹಿಡಿದ ಆನೆಗಳನ್ನು ಅಲ್ಲಿ ಬಿಡುವುದು. ಆಗಲಿ, ಬೇಡ ಅಂದವರ‍್ಯಾರು? ನಿಮ್ಮ ಆನೆ ನಮಗೆ ಯಾಕೆ ಅಂತ ಚಿಕ್ಕಮಗಳೂರು ಕಡೆಯವರು ಕೇಳಿದರೆ ಅದೂ ತಪ್ಪಲ್ಲ, ಅವರ ತೋಟಕ್ಕೂ ಇವೇ ಆನೆ ಬರುತ್ತವೆ. ಬಿಡುವ ಮೊದಲು ಬೇಲಿ ಆಗಬೇಕು. ಒಂದು ಆನೆಗೆ ದಿನಕ್ಕೆ ಸುಮಾರು 150 ಕೆಜಿ ಮೇವು ಬೇಕು. ಒಳಗೆ ಆನೆ ತಿನ್ನದ ಲಂಟಾನಾ ಕಳೆ ಮಾತ್ರ ಇದ್ದರೆ ಯಾವ ಬೇಲಿಯೂ ನಿಲ್ಲಲ್ಲ. ಬೈನೆ, ಬಿದಿರು, ನೀರು ಇರಬೇಕು. ಇದು ನಮ್ಮ ತೋಟದ ಆಳುಗಳಿಗೂ ಗೊತ್ತು.

ಅಲ್ಲಿಯವರೆಗೆ ಎಚ್ಚರಿಕೆಯಿಂದ ಇರಬೇಕು. ಅರೇಬಿಕಾ ಹಣ್ಣಾಗಿ ಉದುರುತ್ತಿದೆ. ಮೆಸೇಜ್ ನೋಡಿ ಆಳುಗಳು ಬರಲ್ಲ, ಅವರ ಜೀವವೂ ಜೀವವೇ. ಮಗಳನ್ನು ಶಾಲೆಗೆ ಬಿಡಲು ಬೈಕ್ ಶುರು ಮಾಡುವ ಮೊದಲು ಹಾರ್ನ್ ಹೊಡೆದು, ತಿರುವಿನಲ್ಲಿ ಎರಡು ನಿಮಿಷ ನಿಂತು ಕಿವಿಗೊಡುತ್ತೇನೆ. ಇನ್ನೆಷ್ಟು ಎಚ್ಚರಿಕೆಯಿಂದ ಇರಲಿ?

ನಾಳೆ ವಂಶವೃಕ್ಷಕ್ಕೆ ನಾಡಕಚೇರಿಗೆ ಹೋಗಬೇಕು. ಬೈಕ್ ರಿಪೇರಿಗೆ ಬಿಟ್ಟಿದ್ದೇನೆ. ಬಸ್ ಇರುವುದು 6.40ಕ್ಕೆ, ಸ್ಟಾಪ್‌ಗೆ ತೋಟದೊಳಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಈಗಷ್ಟೇ ಮತ್ತೊಂದು ಮೆಸೇಜ್: ಬೆಳಿಗ್ಗೆ 8ರವರೆಗೆ ಯಾರೂ ತೋಟದ ದಾರಿಯಲ್ಲಿ ಓಡಾಡಬಾರದಂತೆ.