ಪೋಸ್ಟರ್ ಬಿಡುಗಡೆ ಆಯ್ತು, ಗೇಮ್ ಯಾವಾಗ್ರಿ?

ಆ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ವೇದಿಕೆ ತುಂಬ ಗಣ್ಯರು, ಎಲ್ಲರ ಕೊರಳಲ್ಲೂ ಹಾವೇರಿಯ ಏಲಕ್ಕಿ ಹಾರ. ನಡುವೆ ಫ್ಲೆಕ್ಸ್. ಅದರಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಹೀರೋ, ಮೇಲೆ ಹೆಲಿಕಾಪ್ಟರ್, ಕೆಳಗೆ ಚೆನ್ನಮ್ಮ ಸರ್ಕಲ್. ನಮ್ಮೂರ ಹುಡುಗರೇ ಸೇರಿ, ಯಾರೂ ಸಂಬಳ ತಗೊಳ್ಳದೆ, ಬಿಡುವಿನ ಹೊತ್ತಲ್ಲಿ ಮಾಡುವ ವಿಡಿಯೋ ಗೇಮ್. ಓಪನ್ ವರ್ಲ್ಡ್, ಅಂದರೆ ಆಡುವವರು ಊರು ತುಂಬ ಎಲ್ಲಿ ಬೇಕಾದರೂ ತಿರುಗಾಡಬಹುದು. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಇಡೀ ಅವಳಿ ನಗರ ಅದರೊಳಗೆ ಇರುತ್ತದಂತೆ, ಆನ್‌ಲೈನಿನಲ್ಲಿ ನೂರು ಜನ ಒಟ್ಟಿಗೆ ಆಡಬಹುದಂತೆ. ಅಂದ ಹಾಗೆ, ಇದು ತಂಡದ ಮೊದಲ ಗೇಮ್.

ಧೈರ್ಯ ಮೆಚ್ಚಬೇಕು. ಇವರ ಕಣ್ಣಿನ ಮುಂದಿರುವ ಮಾದರಿ ಜಿಟಿಎ, ಇಡೀ ನಗರದಲ್ಲಿ ಓಡಾಡಿಸುವ ಆ ವಿದೇಶಿ ಗೇಮ್. ಅದರ ಐದನೇ ಭಾಗ ಬಂದದ್ದು 2013ರಲ್ಲಿ, ಕೆಲಸ ಮಾಡಿದವರು ಸಾವಿರಕ್ಕೂ ಜಾಸ್ತಿ ಜನ, ಎಲ್ಲರೂ ಸಂಬಳಕ್ಕೆ. ಆರನೇ ಭಾಗದ ಟ್ರೇಲರ್ 2023ರ ಡಿಸೆಂಬರಿನಲ್ಲಿ ಬಂತು, ಆಮೇಲೆ ತಾರೀಖು ಒಂದಲ್ಲ, ಎರಡು ಸಲ ಮುಂದಕ್ಕೆ ಹೋಯಿತು. ಪಾಪ, ಅವರಿಗೆ ಹುಬ್ಬಳ್ಳಿಯ ಹುಡುಗರು ಸಿಕ್ಕಿರಲಿಲ್ಲ. ಇವರು ಬರುವ ಯುಗಾದಿಗೆ ಮುಗಿಸುತ್ತಾರೆ.

ನಮ್ಮ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಒಂದನ್ನೇ ತಗೊಳ್ಳಿ. 1507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ 2023ರಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿ ಹೋದರು. ಅದರ ಕಂಬ, ಬೆಂಚು, ಚಹಾದ ಅಂಗಡಿ, ಮಲಗಿದ ನಾಯಿ ಇಷ್ಟನ್ನು ಮಾಡುವುದರಲ್ಲೇ ತಂಡದ ಅರ್ಧ ಜನರ ಮದುವೆ ಆಗಿರುತ್ತದೆ. ಇನ್ನು ಚಿಗರಿ ಬಸ್ಸು, ಉಣಕಲ್ ಕೆರೆ, ಲೈನ್ ಬಜಾರಿನ ಪೇಢೆ ಸಾಲು ಎಲ್ಲ ಬಾಕಿ. ಫ್ಲೈಓವರ್ ಕೆಲಸ ನಡೆಯುವ ಕಡೆಯಂತೂ ಬೆಳಗ್ಗೆ ಇದ್ದ ದಾರಿ ಸಂಜೆಗೆ ಇರುವುದಿಲ್ಲ. ಅದಕ್ಕೇ ಒಬ್ಬ ಫುಲ್‌ಟೈಮ್ ಹುಡುಗ ಬೇಕು.

ಆದರೆ ಹುಡುಗರು ಎಲ್ಲಿದ್ದಾರೆ? ಪತ್ರಿಕಾ ಪ್ರಕಟಣೆಯ ಕೊನೆಗೆ ತಂಡದ ಪಟ್ಟಿ ಇತ್ತು. ಸ್ಥಾಪಕರು, ಸಹ ಸ್ಥಾಪಕರು, ಕ್ರಿಯೇಟಿವ್ ಡೈರೆಕ್ಟರ್, ಇನ್ನೊಬ್ಬ ಕ್ರಿಯೇಟಿವ್ ಡೈರೆಕ್ಟರ್, ಕಥೆಗೆ ಆರು ಜನ, ಪ್ರಚಾರಕ್ಕೆ ಅದಕ್ಕಿಂತ ಜಾಸ್ತಿ. ಕೋಡ್ ಬರೆಯುವವನು ಒಬ್ಬ. ಅವನಿಗೂ ಮುಂದಿನ ತಿಂಗಳು ಸೆಮಿಸ್ಟರ್ ಪರೀಕ್ಷೆ.

ಹುಬ್ಬಳ್ಳಿಯವರನ್ನೇ ಯಾಕೆ ಅನ್ನಬೇಕು, ಗದಗಿನ ಕಡೆ ಇನ್ನೊಂದು ತಂಡ ಮಹಾಭಾರತದ ಗೇಮ್ ಮಾಡಲು ಹೊರಟಿದೆಯಂತೆ. ಹದಿನೆಂಟೂ ಪರ್ವ! ಗದಗಿನವರಿಗೆ ನಾನು ನೆನಪಿಸಬೇಕಾ? ನಿಮ್ಮ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದ ಅಂತಾರಲ್ಲ, ಆ ಕುಮಾರವ್ಯಾಸನೇ ಬರೆದದ್ದು 10 ಪರ್ವ. ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆಯಬೇಕಾಯಿತು. ಅಂದರೆ ಸೀಕ್ವೆಲ್ ಬೇರೆ ಸ್ಟುಡಿಯೋದಿಂದ ಬಂತು. ಅಂಥಾ ಕವಿಗೇ ಹತ್ತು ಸಾಕಾಯಿತು, ಇವರಿಗೆ ಅಭಿಮನ್ಯು ಒಬ್ಬ ಸಾಲಲ್ವಾ? ಚಕ್ರವ್ಯೂಹದೊಳಗೆ ಹೋಗುವುದು ಒಂದೇ ಲೆವೆಲ್. ಹೊರಗೆ ಬರುವುದನ್ನು ಕೋಡ್ ಮಾಡುವ ತಾಪತ್ರಯವೂ ಇಲ್ಲ.

ಸಣ್ಣದರಿಂದ ಏನಾಗುತ್ತದೆ ಅಂತೀರಾ? 1972ರಲ್ಲಿ ಅಮೆರಿಕದ ವಿಡಿಯೋ ಗೇಮ್ ಕಂಪನಿ ಅಟಾರಿಗೆ ಅಲನ್ ಆಲ್ಕಾರ್ನ್ ಅನ್ನೋ ಇಂಜಿನಿಯರ್ ಹೊಸದಾಗಿ ಸೇರಿದ. ಕೈ ಪಳಗಲಿ ಅಂತ ಮಾಲೀಕ ಬುಶ್ನೆಲ್ ಅವನಿಗೆ ಒಂದು ಸಣ್ಣ ಕೆಲಸ ಕೊಟ್ಟ. ಒಂದು ಚೆಂಡು, ಎರಡು ಪಟ್ಟಿ, ಮೇಲೆ ಸ್ಕೋರು. ಅದೇ ಪಾಂಗ್. ಮೊದಲ ಯಂತ್ರವನ್ನು ಒಂದು ಬಾರಿನಲ್ಲಿ ಇಟ್ಟರು. ಸ್ವಲ್ಪ ದಿನಕ್ಕೆ ಕೆಟ್ಟಿದೆ ಅಂತ ಫೋನ್ ಬಂತು. ಹೋಗಿ ನೋಡಿದರೆ ನಾಣ್ಯ ತುಂಬಿ ಡಬ್ಬಿ ಕಟ್ಟಿಕೊಂಡಿತ್ತು. ಇದನ್ನು ಒಬ್ಬ ಕ್ರಿಯೇಟಿವ್ ಡೈರೆಕ್ಟರ್ ಮುಂದೆ ಹೇಳಿದೆ. "ಸರ್, ಅದು ಅವಾಗಿನ ಕಾಲ್ರಿ. ಈಗ ಜನಕ್ಕ ಗ್ರಾಫಿಕ್ಸ್ ಬೇಕ್ರಿ" ಅಂದ. ಜನ ಬಸ್ಸಿನಲ್ಲಿ ಲೂಡೋ ಆಡುತ್ತಾ ಕೂತಿರುವುದನ್ನು ಅವನು ನೋಡಿಲ್ಲ ಅಂತ ಕಾಣುತ್ತದೆ, ಯಾವಾಗಲೂ ಬೈಕಿನಲ್ಲೇ ಓಡಾಡ್ತಾನೆ.

ಹುಬ್ಬಳ್ಳಿಯ ಇದೇ ತಂಡದ ಮೊದಲ ಮೀಟಿಂಗಿನಲ್ಲಿ ಒಬ್ಬ ಹುಡುಗಿ ಹುಲಿ-ಕುರಿ ಆಟ ಮಾಡೋಣ ಅಂದಳಂತೆ. ಮೂರು ಹುಲಿ, ಹದಿನೈದು ಕುರಿ, ಒಂದು ಪಟ. ಹಳೇ ಗುಡಿಗಳ ಕಲ್ಲುಹಾಸಿನ ಮೇಲೆ ಇವತ್ತಿಗೂ ಗೆರೆ ಕೊರೆದಿರುತ್ತದೆ, ನಿಯಮ ಅಜ್ಜಿಗೂ ಗೊತ್ತು. ಗೇಮ್ ಮಾಡುವ ಸಾಫ್ಟ್‌ವೇರು, ಗೋಡೋ ಅನ್ನೋ ಎಂಜಿನ್, ಪುಕ್ಕಟೆ ಸಿಗುತ್ತದೆ. ಇಬ್ಬರು ಹಟ ಹಿಡಿದು ಕೂತರೆ ಪರೀಕ್ಷೆ ಒಳಗೆ ಆಡುವಂಥದ್ದು ಏನೋ ಒಂದು ತಯಾರಾಗುತ್ತದೆ. ಎಲ್ಲರೂ ನಕ್ಕರಂತೆ. "ಇಷ್ಟ ಸಣ್ಣದಕ್ಕ ಯಾರ ಪೋಸ್ಟರ್ ಬಿಡುಗಡೆ ಮಾಡ್ತಾರ?" ಅಂದರಂತೆ.

ಅದೇ ನೋಡಿ. ಸಾಕಾಗಿದೆ ನನಗೆ. ಇದನ್ನು ದೊಡ್ಡ ಕನಸು ಅಂತ ಕರೆದು ಚಪ್ಪಾಳೆ ಹೊಡೆಯಬೇಡಿ. ಸಣ್ಣ ಗೇಮ್ ಮುಗಿಯುತ್ತದೆ, ಮುಗಿದರೆ ಜನ ಆಡುತ್ತಾರೆ, ಆಡಿದವರು ಚೆನ್ನಾಗಿಲ್ಲ ಅಂತಲೂ ಅನ್ನಬಹುದು. ದೊಡ್ಡದಕ್ಕೆ ಆ ಭಯ ಇಲ್ಲ, ಅದು ಮುಗಿಯುವುದೇ ಇಲ್ಲ ಅಂತ ವೇದಿಕೆ ಮೇಲಿದ್ದ ಎಲ್ಲರಿಗೂ ಗೊತ್ತು. ಬಿಟ್ಟಿ ಕೆಲಸದ ತಂಡದಲ್ಲಿ ಜನ ಬರ್ತಾರೆ, ಹೋಗ್ತಾರೆ, ಪರೀಕ್ಷೆ, ಜ್ವರ, ಅಕ್ಕನ ಮದುವೆ, ಬೆಂಗಳೂರಿನ ನೌಕರಿ. ಕೊನೆಗೆ ಉಳಿಯೋರು ಇಬ್ಬರು. ಆ ಇಬ್ಬರ ಕೈಲಿ ಎಷ್ಟು ಆಗುತ್ತದೆ ಅಂತ ಮೊದಲೇ ಕೇಳುವ ಒಬ್ಬ ಹಿರಿಯನೂ ಅಲ್ಲಿರಲಿಲ್ಲ. ಆರು ತಿಂಗಳಿಗೆ ಗ್ರೂಪು ತಣ್ಣಗಾಗುತ್ತದೆ. "ನಮ್ಮೂರಾಗ ಇಂಥವೆಲ್ಲ ಆಗಂಗಿಲ್ರಿ" ಅಂತ ಒಬ್ಬ ಬರೀತಾನೆ, ಉಳಿದವರು ಕೈ ಮುಗಿಯುವ ಇಮೋಜಿ ಹಾಕ್ತಾರೆ. ರಾತ್ರಿ ಎರಡರವರೆಗೆ ಕೂತು ಕೋಡ್ ಬರೆದ ಆ ಒಬ್ಬ ಹುಡುಗ ಮತ್ತೆ ಲ್ಯಾಪ್‌ಟಾಪಿನಲ್ಲಿ ಗೇಮಿನ ಹೆಸರೂ ಎತ್ತುವುದಿಲ್ಲ. ಅವನಿಗೆ ಹಾರ ಹಾಕಿದವರು ಯಾರೂ ಇಲ್ಲ, ಫೋಟೋದಲ್ಲೂ ಅವನಿಲ್ಲ.

ಹೋಗಲಿ, ಪೋಸ್ಟರ್ ಇಲ್ಲದ ಒಂದು ಐಡಿಯಾ ನಾನೇ ಪುಕ್ಕಟೆ ಕೊಡ್ತೀನಿ. ಗೇಮಿನ ಹೆಸರು "ನಳ ಬಂತು". ಒಂದೇ ಸ್ಕ್ರೀನು. ಒಂದು ನಳ, ಮುಂದೆ ಕೊಡ, ಬಕೆಟ್, ಹಂಡೆ, ಬ್ಯಾರಲ್. ನೀರು ನಿಲ್ಲುವುದರೊಳಗೆ ಎಲ್ಲ ತುಂಬಬೇಕು, ಚೆಲ್ಲಬಾರದು. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಗೊತ್ತಿರಬಾರದು. ಅದಕ್ಕೆ ವಿಶೇಷ ಕೋಡ್ ಏನೂ ಬೇಡ, ರ‍್ಯಾಂಡಮ್ ಅಂತ ಹಾಕಿದರೆ ನಮ್ಮ ಓಣಿಯ ಟೈಮಿಂಗೇ ಬರುತ್ತದೆ. ಎರಡನೇ ಲೆವೆಲ್ಲಿನಲ್ಲಿ ಬೆಳಗಿನ ಜಾವ ಮೂರಕ್ಕೆ ನೀರು ಬಿಡಬೇಕು. ಮೂರನೆಯದರಲ್ಲಿ ಎದುರು ಮನೆಯವರು ಪೈಪಿಗೆ ಮೋಟರ್ ಹಚ್ಚುತ್ತಾರೆ, ಅಲ್ಲಿಗೆ ನಮ್ಮ ನಳ ಬರೀ ಗಾಳಿ ಊದುತ್ತದೆ. ಅವರೇ ಕೊನೆಯ ವಿಲನ್. ಅವರನ್ನು ಸೋಲಿಸುವುದು ಹೇಗೆ ಅಂತ ಮಾತ್ರ ನೀವೇ ಯೋಚಿಸಿ. ನಮ್ಮ ಓಣಿಯಲ್ಲಿ ಇನ್ನೂ ಯಾರಿಗೂ ಆಗಿಲ್ಲ.