ಹೊಸದು ಬೇಡ, ಹಳೆಯದೇ ಕೊಡಿ

ಕಂಪ್ಯೂಟರ್ ಬಿಡಿಭಾಗ ಕೊಳ್ಳುವವರಿಗೆ ಸಾಮಾನ್ಯವಾಗಿ ಒಂದೇ ಚಿಂತೆ: ಇದಕ್ಕಿಂತ ಹೊಸದು ಬಂದಿದೆಯಾ? ಹ್ಯಾಕಿಂತೋಷ್ ಜೋಡಿಸುವವರ ಚಿಂತೆ ಪೂರ್ತಿ ಉಲ್ಟಾ. ಹಳೆಯದು ಇನ್ನೂ ಎಲ್ಲಾದರೂ ಸಿಗುತ್ತಾ? ಅಂಗಡಿಯವರು ಹೊಸ ಮಾಡೆಲ್ ತೋರಿಸಿದಷ್ಟೂ ನಾವು ತಲೆ ಅಲ್ಲಾಡಿಸುತ್ತೇವೆ. ಅವರ ಲೆಕ್ಕದಲ್ಲಿ ನಾವು ಜುಗ್ಗರು. ಬಿಡಿಸಿ ಹೇಳಲು ಹೋದರೆ ಜುಗ್ಗರ ಜೊತೆ ಹುಚ್ಚರೂ ಆಗುತ್ತೇವೆ.

ಮಾಮೂಲಿ ಪಿಸಿಯ ಭಾಗಗಳನ್ನು ಜೋಡಿಸಿ, ಅದರಲ್ಲಿ ಆ್ಯಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಂ ಮ್ಯಾಕ್‌ಓಎಸ್ ಓಡಿಸಿದರೆ ಅದೇ ಹ್ಯಾಕಿಂತೋಷ್. 2006ರಲ್ಲಿ ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಬಂತು. ಈ ಗೀಳು ಹಬ್ಬಿದ್ದು ಆಮೇಲೆ. ಆ್ಯಪಲ್ ಲೈಸೆನ್ಸ್ ಇದನ್ನು ಒಪ್ಪುವುದಿಲ್ಲ. ಮ್ಯಾಕ್‌ಓಎಸ್ ಒಳಗೆ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್’ ಅನ್ನುವ ಹೆಸರಿನ ಒಂದು ಭಾಗವೇ ಇದೆ. ಕದಿಯಬೇಡಪ್ಪಾ ಅಂತ ಹೆಸರಲ್ಲೇ ಬೇಡಿಕೊಳ್ಳುವ ಬೀಗವನ್ನು ನಾನು ಬೇರೆಲ್ಲೂ ನೋಡಿಲ್ಲ.

2020ರಲ್ಲಿ ಆ್ಯಪಲ್ ಇಂಟೆಲ್ ಬಿಟ್ಟು ತನ್ನದೇ ಚಿಪ್ ಕಡೆ ಹೊರಳಿತು. ಹಾಗಾಗಿ ನಮ್ಮಂಥವರ ಪಾಲಿಗೆ ಇಂಟೆಲ್ ಚರಿತ್ರೆ 10ನೇ ತಲೆಮಾರಿಗೇ ಮುಗಿಯಿತು. 11ನೆಯದರ ಪ್ರೊಸೆಸರ್ ಒಳಗಿರುವ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸನ್ನು ಮ್ಯಾಕ್‌ಓಎಸ್ ಕಣ್ಣೆತ್ತಿಯೂ ನೋಡುವುದಿಲ್ಲ. 10ರಲ್ಲೂ ಸ್ವಲ್ಪ ಹುಷಾರಾಗಿರಬೇಕು. ಐ5-10400 ಬೇರೆ, ಐ5-10400ಎಫ್ ಬೇರೆ. ಬಾಲದಲ್ಲಿ ಎಫ್ ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತಲೇ ಅರ್ಥ. ನಾನು ನೋಡಿದಾಗಲೆಲ್ಲ ರಿಯಾಯಿತಿ ಇರುವುದು ಆ ಎಫ್‌ಗೇ!

ಗ್ರಾಫಿಕ್ಸ್ ಕಾರ್ಡ್ ಹುಡುಕಾಟ ಇನ್ನೂ ಚೆಂದ. ಎನ್‌ವಿಡಿಯಾದ ಹೊಸ ಕಾರ್ಡುಗಳಿಗೆ 2018ರ ಮ್ಯಾಕ್‌ಓಎಸ್ ಆವೃತ್ತಿ ಮೊಹಾವೆಯಿಂದಲೇ ಬಾಗಿಲು ಬಂದ್. ಉಳಿದದ್ದು ಎಎಂಡಿ. ಅದರಲ್ಲಿ ಆರ್‌ಎಕ್ಸ್ 6600 ಓಡುತ್ತದೆ, 6600 ಎಕ್ಸ್‌ಟಿ ಓಡುತ್ತದೆ, 6800 ಓಡುತ್ತದೆ. ನಡುವಿನ 6700 ಎಕ್ಸ್‌ಟಿಗೆ ಮಾತ್ರ ಆ್ಯಪಲ್ ಡ್ರೈವರೇ (ಕಾರ್ಡನ್ನು ಓಡಿಸುವ ತಂತ್ರಾಂಶ) ಬರೆದಿಲ್ಲ. ಅಣ್ಣನೂ ಒಳಗೆ, ತಮ್ಮನೂ ಒಳಗೆ, ನಡುವಿನವನು ಗೇಟಿನ ಹೊರಗೆ. 7000 ಸರಣಿ ಅಂತೂ ಪೂರ್ತಿ ಹೊರಗೇ.

ಆದರೆ ತಲೆ ಕೆಡಿಸುವುದರಲ್ಲಿ ಆರ್‌ಎಕ್ಸ್ 550ಕ್ಕೆ ಸಾಟಿ ಇಲ್ಲ. ಒಂದೇ ಹೆಸರಿನಲ್ಲಿ ಎರಡು ಬಗೆಯ ಚಿಪ್‌ಗಳು ಬಂದಿವೆ, ಲೆಕ್ಸಾ ಮತ್ತು ಬಾಫಿನ್. ಬಾಫಿನ್ ಆದರೆ ಸರಿ, ಲೆಕ್ಸಾ ಆದರೆ ಗೋಳು. ಡಬ್ಬಿಯ ಮೇಲೆ ಏನೂ ಬರೆದಿರುವುದಿಲ್ಲ. ಹಳೆಯ ಕಾರ್ಡ್ ಮಾರಾಟಕ್ಕಿಟ್ಟಿದ್ದ ಒಬ್ಬರಿಗೆ ಫೋನ್ ಮಾಡಿದೆ.

‘ಸರ್, ಅದು ಲೆಕ್ಸಾನಾ, ಬಾಫಿನಾ?’

ಸ್ವಲ್ಪ ಹೊತ್ತು ಸದ್ದಿಲ್ಲ. ‘ನಾಲ್ಕು ಜಿಬಿ ಸರ್.’

‘ಅಲ್ಲ, ಒಳಗಿನ ಚಿಪ್ಪು ಯಾವುದು ಅಂತ.’

‘ಒರಿಜಿನಲ್ ಸರ್! ಡಬ್ಬಿ ಸಮೇತ ಇದೆ.’

‘ಒಂದ್ಸಲ ಫ್ಯಾನ್ ಬಿಚ್ಚಿ ನೋಡಕ್ಕಾಗುತ್ತಾ?’

ಫೋನ್ ಕಟ್ ಆಯಿತು. ಅವರ ತಪ್ಪೇನಿಲ್ಲ ಬಿಡಿ.

ಇದಿಷ್ಟೂ ದೊಡ್ಡ ಪೆಟ್ಟಿಗೆಯವರಿಗೂ ಇರುವ ಕಷ್ಟ. ‘ಚಿಕ್ಕದಾಗಿ, ಮುದ್ದಾಗಿ ಇರಲಿ’ ಅಂತ ಆಸೆಪಟ್ಟರೆ ಕಷ್ಟದ ಜೊತೆಗೆ ಸ್ಕೇಲೂ ಹಿಡಿಯಬೇಕು. ಮಿನಿ-ಐಟಿಎಕ್ಸ್ ಅನ್ನುವ ಚಿಕ್ಕ ಮದರ್‌ಬೋರ್ಡ್ ಉದ್ದಗಲ 170 ಮಿಲಿಮೀಟರ್. ಅದರಲ್ಲಿ ಕಾರ್ಡ್ ಸಿಕ್ಕಿಸಲು ಇರುವ ದೊಡ್ಡ ಸ್ಲಾಟ್ ಒಂದೇ ಒಂದು. ಮೂವರ ಸೀಟಿನಲ್ಲಿ ನಾಲ್ವರು ಕೂತ ಹಾಗೆ, ಒಬ್ಬರು ಕಾಲು ಬದಲಿಸಿದರೆ ಮಿಕ್ಕವರೆಲ್ಲ ಸರಿಯಬೇಕು. ಕೂಲರ್ ಎತ್ತರವಾದರೆ ಮುಚ್ಚಳ ಕೂರುವುದಿಲ್ಲ. ಕೂಲರ್ ಕುಳ್ಳಗಾದರೆ ಅದರ ಅಂಚು ರ‍್ಯಾಮ್‌ಗೆ ತಾಗುತ್ತದೆ. ಕಾರ್ಡ್ ಹಿಡಿಸಿತು ಅಂತ ಖುಷಿಪಟ್ಟರೆ, ಅದರ ಪವರ್ ವೈರ್ ಬಗ್ಗಲು ಜಾಗ ಉಳಿದಿರುವುದಿಲ್ಲ. ವೈರಿನ ದಪ್ಪವನ್ನು ಯಾವ ಕಂಪನಿ ತಾನೇ ಬರೆಯುತ್ತದೆ?

ವೈಫೈ ಕಥೆ ಬೇರೆಯೇ. ಮ್ಯಾಕ್‌ಗಳಿಂದಲೇ ಬಿಚ್ಚಿದ ಬ್ರಾಡ್‌ಕಾಮ್ ಕಾರ್ಡ್ ಹಾಕಿದರೆ ಏರ್‌ಡ್ರಾಪ್ (ಆ್ಯಪಲ್ ಸಾಧನಗಳ ನಡುವೆ ವೈರಿಲ್ಲದೆ ಫೈಲ್ ದಾಟಿಸುವ ಸೌಲಭ್ಯ) ಸಮೇತ ಎಲ್ಲ ನಡೆಯುತ್ತಿತ್ತು. ಅದನ್ನು ಕೂರಿಸಲು ಒಂದು ಅಡಾಪ್ಟರ್ ಬೇಕು. ಎಷ್ಟೋ ಮಿನಿ ಬೋರ್ಡುಗಳಲ್ಲಿ ವೈಫೈ ಕಾರ್ಡಿನ ಸ್ಲಾಟ್ ಹಿಂದಿನ ಪೋರ್ಟುಗಳ ಪಕ್ಕದಲ್ಲಿ ನೆಟ್ಟಗೆ, ಇಕ್ಕಟ್ಟಾದ ಕವಚದೊಳಗೆ ನಿಂತಿರುತ್ತದೆ. ಅಡಾಪ್ಟರ್ ಅಲ್ಲಿ ನುಗ್ಗುವುದಿಲ್ಲ. ಹೇಗೋ ನುಗ್ಗಿಸಿದವರಿಗೆ 2023ರ ಸೊನೋಮಾ ಆವೃತ್ತಿ ಬಂದು, ಆ ಕಾರ್ಡುಗಳ ಡ್ರೈವರನ್ನೇ ಕಿತ್ತುಹಾಕಿತು. ಬೋರ್ಡಿನ ಜೊತೆ ಬರುವ ಇಂಟೆಲ್ ವೈಫೈಗೆ ಆಸಕ್ತರೇ ಸೇರಿ ಡ್ರೈವರ್ ಬರೆದಿದ್ದಾರೆ, ಪುಣ್ಯಾತ್ಮರು. ಇಂಟರ್ನೆಟ್ ಬರುತ್ತದೆ, ಏರ್‌ಡ್ರಾಪ್ ಬರುವುದಿಲ್ಲ. ನಾನು ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ.

ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳಲ್ಲ. ಸ್ಯಾಮ್‌ಸಂಗ್ ಪಿಎಂ981 ಅಂತ ಕಂಡರೆ ದೂರ ಇರಿ, ಅಷ್ಟು ಸಾಕು.

ಎಲ್ಲ ಜೋಡಿಸಿ, ಪಿಸಿಯಲ್ಲಿ ಮ್ಯಾಕ್‌ಓಎಸ್ ಎಬ್ಬಿಸುವ ಓಪನ್‌ಕೋರ್ ಅನ್ನುವ ತಂತ್ರಾಂಶ ಹಾಕಿ, ಪರದೆ ಮೇಲೆ ಆ್ಯಪಲ್ ಗುರುತು ಬಂದರೆ ಮುಗಿಯಿತು ಅಂದುಕೊಂಡಿರಾ? ಯುಎಸ್‌ಬಿ ಎಣಿಸುವುದು ಬಾಕಿ ಇದೆ. ಒಂದು ಕಂಟ್ರೋಲರಿಗೆ 15 ಪೋರ್ಟ್, ಅದಕ್ಕಿಂತ ಹೆಚ್ಚಿಗೆ ಮ್ಯಾಕ್‌ಓಎಸ್ ಒಪ್ಪುವುದಿಲ್ಲ. ಬೋರ್ಡಿನಲ್ಲಿ ಅಷ್ಟೊಂದು ತೂತುಗಳೇ ಇಲ್ಲವಲ್ಲ ಅಂತ ನಗಬೇಡಿ. ಯುಎಸ್‌ಬಿ 3ರ ಒಂದು ತೂತು ಲೆಕ್ಕದಲ್ಲಿ ಎರಡು, ಹಳೆಯ ವೇಗಕ್ಕೊಂದು, ಹೊಸ ವೇಗಕ್ಕೊಂದು. ಬ್ಲೂಟೂತ್ ಕೂಡ ಒಳಗೊಳಗೇ ಒಂದು ಯುಎಸ್‌ಬಿ. ಯಾವ ಪೋರ್ಟುಗಳು ಬೇಕು ಅಂತ ನಾವೇ ಪಟ್ಟಿ ಮಾಡಿ ಕೊಡಬೇಕು, ಅದರಲ್ಲಿ ಇದು ಬಿಟ್ಟುಹೋದರೆ ಬ್ಲೂಟೂತೇ ಮಾಯ.

ಹಾಗಾಗಿ ಒಂದು ಹಳೆಯ ಪೆನ್‌ಡ್ರೈವ್, ಒಂದು ಹೊಸ ಪೆನ್‌ಡ್ರೈವ್ ಹಿಡಿದು ಪ್ರತಿ ತೂತಿಗೂ ಎರಡನ್ನೂ ಚುಚ್ಚಿ, ಪರದೆಯಲ್ಲಿ ಯಾವ ಸಾಲು ಮಿನುಗಿತು ಅಂತ ಕಾಗದದಲ್ಲಿ ಬರೆದುಕೊಳ್ಳುತ್ತಾ ಕೂತಿದ್ದೆ. ಟೈಪ್-ಸಿ ತೂತಿಗೆ ಒಮ್ಮೆ ಚುಚ್ಚಿದರೆ ಸಾಲದು, ತಿರುಗಿಸಿ ಇನ್ನೊಮ್ಮೆ ಚುಚ್ಚಬೇಕು. ಹೆಂಡತಿ ಬಾಗಿಲಲ್ಲಿ ನಿಂತು ಸುಮ್ನೆ ನೋಡಿದಳು.

‘ಏನ್ ಮಾಡ್ತಿದ್ದೀರಾ?’

‘ಇದಕ್ಕೆ ನಿದ್ದೆ ಮಾಡೋದು ಕಲಿಸ್ತಿದ್ದೀನಿ.’

ಸುಳ್ಳಲ್ಲ. ಯುಎಸ್‌ಬಿ ಪಟ್ಟಿ ಸರಿಯಿಲ್ಲದಿದ್ದರೆ ಕಂಪ್ಯೂಟರ್ ಸ್ಲೀಪ್‌ಗೆ ಹೋದ ಮರುಕ್ಷಣ ಎದ್ದು ಕೂರುತ್ತದೆ. ಮಾರನೆಯ ದಿನ ಕಂಪ್ಯೂಟರ್ ಗಡದ್ದಾಗಿ ಮಲಗಿತ್ತು, ನಾನು ಕೆಂಪು ಕಣ್ಣು ಬಿಟ್ಟುಕೊಂಡು ಅದನ್ನು ನೋಡುತ್ತಿದ್ದೆ.

ಇಷ್ಟಾದ ಮೇಲೆ ಗೆಳೆಯನೊಬ್ಬ 2024ರ ಮ್ಯಾಕ್ ಮಿನಿ ಅಳತೆ ಕಳಿಸಿದ. ಉದ್ದಗಲ 127 ಮಿಲಿಮೀಟರ್, ಎತ್ತರ 50. ಅಂದರೆ ಇಡೀ ಯಂತ್ರ ನನ್ನ ಬರೀ ಬೋರ್ಡಿನ ಮೇಲೆ ಕೂರುತ್ತದೆ, ಸುತ್ತ ಜಾಗವೂ ಮಿಗುತ್ತದೆ. ಇಂಟೆಲ್ ಮ್ಯಾಕ್‌ಗಳಿಗೆ 2025ರ ಟಾಹೋ ಆವೃತ್ತಿಯೇ ಕೊನೆ ಅಂತ ಆ್ಯಪಲ್ ಹೇಳಿರುವ ಸುದ್ದಿಯನ್ನೂ ಅವನೇ ಕಳಿಸಿದ. ಒಳ್ಳೆಯ ಗೆಳೆಯ.

ನನ್ನ ಪೆಟ್ಟಿಗೆ ಮಾತ್ರ ಚೆನ್ನಾಗಿಯೇ ಓಡುತ್ತಿದೆ. ಮೊನ್ನೆ ಮಗಳು ಅದರ ಮುಂದೆ ಕೂತು ಕೂಗಿದಳು, ‘ಅಪ್ಪಾ, ಏನೋ ಅಪ್‌ಡೇಟ್ ಬಂದಿದೆ, ಒತ್ತಲಾ?’

ಸ್ನಾನದ ಮನೆಯಿಂದ ನಾನು ಓಡಿಬಂದ ವೇಗ ನೋಡಿ ಅವಳು ಇವತ್ತಿಗೂ ಆ ಮೌಸ್ ಮುಟ್ಟಿಲ್ಲ.